ತೋಟದ ಮನೆಗೆ ಫೈಬರ್ ಎಳೆಸುವ ಮುನ್ನ

ಮೂಡಿಗೆರೆಯಲ್ಲಿ ಇಂಟರ್ನೆಟ್ ಕೊಡುವ ಯಾವುದಾದರೂ ಕೇಬಲ್ ಅಂಗಡಿಗೆ ಹೋಗಿ, ‘ನಮ್ಮ ಮನೆಗೊಂದು ಕನೆಕ್ಷನ್ ಬೇಕಿತ್ತು’ ಅನ್ನಿ. ಎಷ್ಟು ಸ್ಪೀಡ್ ಬೇಕು ಅಂತ ಅವರು ಕೇಳುವುದಿಲ್ಲ. ‘ಮನೆ ಎಲ್ಲಿ ಬರುತ್ತೆ? ಮೇನ್ ರೋಡಿಂದ ಎಷ್ಟು ಒಳಗೆ?’ ಅಂತಲೇ ಮಾತು ಶುರುವಾಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ದರಪಟ್ಟಿ ನೋಡಿ ಕಂಪನಿ ಆರಿಸಿ ರೂಢಿಯಾದವರಿಗೆ ಇದು ವಿಚಿತ್ರ ಅನಿಸಬಹುದು. ಕಾಫಿ ಸೀಮೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ರಸ್ತೆ ಬದಿಯ ಕಂಬದಿಂದ ನಿಮ್ಮ ಮೇಜಿನವರೆಗೆ ಬರುವ ಒಂದೋ ಎರಡೋ ಕಿಲೋಮೀಟರ್ ದಾರಿ ಸರಿ ಇದ್ದರೆ ಸಣ್ಣ ಪ್ಲಾನಿನಲ್ಲೂ ಆಫೀಸು ನಡೆಯುತ್ತದೆ. ಆ ದಾರಿ ಕೆಟ್ಟಿದ್ದರೆ ಎಷ್ಟು ದುಡ್ಡು ಕೊಟ್ಟರೂ ಆಷಾಢದಲ್ಲಿ ಮೋಡೆಮ್ಮಿನ ಕೆಂಪು ದೀಪವನ್ನೇ ನೋಡುತ್ತ ಕೂರಬೇಕಾಗುತ್ತದೆ.

ನಾನು ಇದನ್ನು ಕಲಿತದ್ದು ದುಡ್ಡು ಕಳೆದುಕೊಂಡು. ಮೊದಲ ಸಲ ನಮ್ಮ ತೋಟಕ್ಕೆ ಲೈನ್ ಎಳೆದವರು ಒಂದೇ ದಿನದಲ್ಲಿ ಕೆಲಸ ಮುಗಿಸಿ ಹೋದರು. ಕೇಬಲ್ಲನ್ನು ಸಿಲ್ವರ್ ಮರದಿಂದ ಸಿಲ್ವರ್ ಮರಕ್ಕೆ ಕಟ್ಟುತ್ತ, ಹಳ್ಳದ ಮೇಲೆ ಹಾಯಿಸಿ, ಮನೆಯ ಹೆಂಚಿನ ಸಂದಿಯಲ್ಲಿ ತೂರಿಸಿದ್ದರು. ಏಪ್ರಿಲ್ ಪೂರ್ತಿ ಚೆನ್ನಾಗಿ ಓಡಿತು. ಜೂನ್‌ನಲ್ಲಿ ಗಾಳಿ ಎದ್ದಿತು. ಆ ಮಳೆಗಾಲದಲ್ಲಿ ನಾವು ನೆಟ್ ನೋಡಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಮರುವರ್ಷ ಅದೇ ಲೈನನ್ನು ಬೇರೆ ದಾರಿಯಲ್ಲಿ, ಬೇರೆಯವರಿಂದ ಹೊಸದಾಗಿ ಎಳೆಸಿದೆವು. ಅದು ಇವತ್ತಿಗೂ ಇದೆ.

ತೋಟದ ಮನೆಯಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುವುದು ಈ ಊರಿಗೆ ಹೊಸದೇನಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಬಗ್ಗೆ ತಲೆ ಕೆಡಿಸಿಕೊಂಡದ್ದು ಮೂಡಿಗೆರೆಯ ತಮ್ಮ ತೋಟದಲ್ಲಿದ್ದುಕೊಂಡೇ. ಆದರೆ ಆಗ ಬೇಕಿದ್ದದ್ದು ಕರೆಂಟು ಮತ್ತು ತಾಳ್ಮೆ. 2020ರಲ್ಲಿ ಲಾಕ್‌ಡೌನ್ ಬಂದು ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಊರಿಗೆ ವಾಪಸಾದಾಗ ಲೆಕ್ಕ ಬದಲಾಯಿತು. ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಕೊಡೆ ಹಿಡಿದು, ಪ್ಲಾಸ್ಟಿಕ್ ಹೊದಿಸಿದ ಗುಡಿಸಿಲಲ್ಲಿ ಕೂತು ಪಾಠ ಕೇಳಿದ ಮಕ್ಕಳನ್ನು ಇಡೀ ಮಲೆನಾಡು ನೋಡಿದೆ. ಆಗ ಬಂದವರಲ್ಲಿ ಕೆಲವರು ಇಲ್ಲೇ ಉಳಿದರು. ಹೋಮ್‌ಸ್ಟೇ ಬುಕಿಂಗ್, ಕಾಫಿ ಮಾರಾಟ, ಅಕೌಂಟ್ಸ್, ಸಾಫ್ಟ್‌ವೇರ್ ಎಲ್ಲವೂ ಈಗ ಮನೆಯಿಂದಲೇ. ಇವರೆಲ್ಲರಿಗೂ ಬೇಕಾದದ್ದು ಮಳೆಗಾಲ ದಾಟುವ ಒಂದು ಲೈನ್.

ಮೊಬೈಲ್ ನೆಟ್ ಇದ್ದರೆ ಸಾಲದೇ? ಟವರ್ ಕಣ್ಣಿಗೆ ಕಾಣುವ ಬೆಟ್ಟಿನ ಮೇಲೆ ನಿಮ್ಮ ಮನೆ ಇದ್ದರೆ ಸಾಲಬಹುದು. ಆದರೆ ನಮ್ಮ ಹಳೆಯ ಮನೆಗಳೆಲ್ಲ ಗಾಳಿಗೆ ಮರೆಯಾಗಿ, ನೀರಿಗೆ ಹತ್ತಿರವಾಗಿ ತಗ್ಗಿನಲ್ಲೇ ಕಟ್ಟಿದವು. ನಡುವೆ ಒಂದು ಗುಡ್ಡದ ಏಣು ಬಂದರೆ ಸಿಗ್ನಲ್ ಸತ್ತಿತು. ಒದ್ದೆ ಎಲೆಗಳ ದಟ್ಟ ಮರಗಳೂ ಅದನ್ನು ಹೀರುತ್ತವೆ. ವಿಡಿಯೊ ಮೀಟಿಂಗಿಗೆ ಬೇಕಾದದ್ದು ಭಾರಿ ವೇಗವೇನೂ ಅಲ್ಲ, ಒಳ್ಳೆಯ ಗುಣಮಟ್ಟದ ಕರೆಗೂ ಹೋಗಲು ಬರಲು ಮೂರು ನಾಲ್ಕು ಎಂಬಿಪಿಎಸ್ ಸಾಕು. ಆದರೆ ಅದು ಒಂದೇ ಸಮ ಇರಬೇಕು, ಇಲ್ಲಿಂದ ಹೋಗುವ ದಿಕ್ಕಿನಲ್ಲೂ ಇರಬೇಕು. ಫೈಬರ್ ಗೆಲ್ಲುವುದು ಇಲ್ಲಿ. ಗಾಜಿನೆಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಇಲ್ಲಿಂದ ಬೆಂಗಳೂರಿಗೆ ಹೋಗಿ ಬರುವ ಸುಮಾರು 500 ಕಿಲೋಮೀಟರಿಗೆ ಅದಕ್ಕೆ ಹಿಡಿಯುವುದು ಎರಡೂವರೆ ಮಿಲಿಸೆಕೆಂಡ್. ನಡುವಿನ ಯಂತ್ರಗಳ ತಡ ಸೇರಿದರೂ ಮಾತು ತಡವರಿಸುವುದಿಲ್ಲ. 36,000 ಕಿಲೋಮೀಟರ್ ಎತ್ತರದ ಹಳೆಯ ಬಗೆಯ ಉಪಗ್ರಹದ ಮೂಲಕ ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡೇ ಬೇಕು.

ಹಿಂದಿನ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಇಲ್ಲಿ ಯಾಕೆ ಸೋತಿತು ಎಂಬುದು ತಿಳಿದಿದ್ದರೆ ಒಳ್ಳೆಯದು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟುವಷ್ಟರಲ್ಲಿ ಅದರ ವೇಗ ಇಳಿದುಹೋಗುತ್ತಿತ್ತು. ಭರಣಿ ಮಳೆಯ ಸಿಡಿಲಿಗೆ ಎಷ್ಟು ಮನೆಗಳ ಮೋಡೆಮ್ ಸುಟ್ಟವೋ ಲೆಕ್ಕ ಇಟ್ಟವರಿಲ್ಲ. ಮನೆಗೆ ಬರುವ ಈಗಿನ ಫೈಬರ್ ಎಕ್ಸ್‌ಚೇಂಜಿನಿಂದ 20 ಕಿಲೋಮೀಟರ್‌ವರೆಗೆ ನಡುವೆ ಎಲ್ಲೂ ಕರೆಂಟ್ ಬೇಡದೆ ಬರುತ್ತದೆ. ಒಂದು ಎಳೆಯಲ್ಲಿ ಬರುವ ಸುಮಾರು 2.5 ಗಿಗಾಬಿಟ್ ವೇಗವನ್ನು ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿ 8, 16 ಅಥವಾ 32 ಮನೆಗಳಿಗೆ ಹಂಚುತ್ತದೆ. ಕಂಬದಿಂದ ಕಂಬಕ್ಕೆ ದೂರ ಹೆಚ್ಚಿರುವ, ಕರೆಂಟ್ ಕೈಕೊಡುವ ನಮ್ಮಂಥ ಊರಿಗೆ ಹೇಳಿ ಮಾಡಿಸಿದ ಏರ್ಪಾಡು ಇದು.

ಕೊಡುವವರು ಯಾರು

ಪೇಟೆಯಲ್ಲಾದರೆ ಆಯ್ಕೆಗಳಿವೆ. ಚಿಕ್ಕಮಗಳೂರು ನಗರದಲ್ಲಿ ಖಾಸಗಿ ಕಂಪನಿಗಳೂ ಸಿಗುತ್ತವೆ. ಗೋಣಿಬೀಡು, ಬಣಕಲ್, ಬಾಳೂರು, ಸಂಸೆ, ಹೊರನಾಡು ಕಡೆಯ ಒಳ ತೋಟಗಳಿಗೆ ಬಂದರೆ ಬಹುಪಾಲು ಮಾತು ಬಿಎಸ್‌ಎನ್‌ಎಲ್ ಫೈಬರಿನ ಸುತ್ತಲೇ. ಬಿಎಸ್‌ಎನ್‌ಎಲ್ ಕೂಡ ಹಳ್ಳಿಗಳಲ್ಲಿ ಮನೆಯವರೆಗಿನ ಲೈನನ್ನು ಸಾಮಾನ್ಯವಾಗಿ ತಾನೇ ಎಳೆಯುವುದಿಲ್ಲ, ಅದರ ಜತೆ ಒಪ್ಪಂದವಿರುವ ಸ್ಥಳೀಯ ಪಾಲುದಾರರು ಎಳೆಯುತ್ತಾರೆ. ಅವರಲ್ಲಿ ಬಹಳ ಮಂದಿ ಹಿಂದೆ ಟಿವಿ ಕೇಬಲ್ ನಡೆಸುತ್ತಿದ್ದವರು. ಆದ್ದರಿಂದ ಬಿಲ್ಲಿನ ಮೇಲಿರುವ ಹೆಸರು ಒಂದು, ಕಂಬ ಹತ್ತುವವರು ಇನ್ನೊಬ್ಬರು. ವಿಚಾರಿಸಬೇಕಾದದ್ದು ಎರಡನೆಯವರನ್ನು. ಅವರ ಹತ್ತಿರ ಗಾಜಿನೆಳೆ ಬೆಸೆಯುವ ಸ್ವಂತ ಸ್ಪ್ಲೈಸಿಂಗ್ ಮಷಿನ್ ಇದೆಯೇ, ಹುಡುಗರು ಎಷ್ಟು ಜನ, ಕಳೆದ ಜುಲೈನಲ್ಲಿ ಲೈನ್ ಹೋದಾಗ ಎಷ್ಟು ದಿನಕ್ಕೆ ಬಂದರು? ಈ ಕೊನೆಯ ಪ್ರಶ್ನೆಯನ್ನು ಅವರಿಗಲ್ಲ, ಈಗಾಗಲೇ ಕನೆಕ್ಷನ್ ಇರುವ ಅಕ್ಕಪಕ್ಕದ ತೋಟದವರಿಗೆ ಕೇಳಿ.

ಪಂಚಾಯಿತಿ ಕಚೇರಿಗೂ ಒಮ್ಮೆ ಹೋಗಿ ಬನ್ನಿ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಭಾರತ್‌ನೆಟ್ ಎಂಬ ಹೆಸರು ಆಮೇಲೆ ಬಂತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಿಮ್ಮ ಪಂಚಾಯಿತಿಯಲ್ಲಿ ಆ ಯೋಜನೆಯ ಫೈಬರ್ ಪೆಟ್ಟಿಗೆ ಇದೆಯೇ, ಅದರ ದೀಪ ಉರಿಯುತ್ತಿದೆಯೇ, ಅಲ್ಲಿಂದ ಯಾರಾದರೂ ಮನೆಗಳಿಗೆ ಕನೆಕ್ಷನ್ ಕೊಡುತ್ತಿದ್ದಾರೆಯೇ ಎಂದು ಪಿಡಿಒ ಅವರನ್ನು ಕೇಳಿ. ಪರಿಷ್ಕೃತ ಯೋಜನೆಯಲ್ಲಿ ಪಂಚಾಯಿತಿಗಳನ್ನು ಬಳೆಯಂತೆ ಸುತ್ತಿ ಜೋಡಿಸುವ ಮಾತಿದೆ. ನಮಗೆ ಇದು ಬಹಳ ಮುಖ್ಯ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯ ಗುಡ್ಡ ಜರಿದದ್ದು, ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತದ್ದು ಯಾರೂ ಮರೆತಿಲ್ಲ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿ, ಕಳಸ–ಹೊರನಾಡು ಸಂಪರ್ಕ ಕಡಿದ ವರ್ಷಗಳೂ ಉಂಟು. ಕೇಬಲ್ಲು ಒಂದೇ ದಿಕ್ಕಿನಿಂದ ಬರುವುದಾದರೆ ಒಂದು ಗುಡ್ಡ ಜರಿದರೂ ಊರಿಗೆ ಊರೇ ಕತ್ತಲು. ಬಳೆಯಂತೆ ಎರಡು ದಿಕ್ಕಿದ್ದರೆ ಒಂದು ತುಂಡಾದಾಗ ಇನ್ನೊಂದು ಹೊರುತ್ತದೆ. ಕಳಸದ ಕಡೆಯವರು ಲೈನ್ ಹಾಕಿಸುವ ಮೊದಲು ಇದೊಂದನ್ನು ವಿಚಾರಿಸಲೇಬೇಕು: ನಿಮ್ಮ ಎಕ್ಸ್‌ಚೇಂಜಿಗೆ ಕೇಬಲ್ ಯಾವ ಕಡೆಯಿಂದ ಬರುತ್ತದೆ, ಎಷ್ಟು ಕಡೆಯಿಂದ ಬರುತ್ತದೆ?

ಲೈನ್ ನಡೆದು ನೋಡಿ

ಮುಂಗಡ ಕೊಡುವ ಮೊದಲು ರಸ್ತೆಯಲ್ಲಿರುವ ಸ್ಪ್ಲಿಟರ್ ಡಬ್ಬಿಯಿಂದ ಮನೆಯವರೆಗೆ ಕೇಬಲಿನವರ ಜತೆ ಒಮ್ಮೆ ನಡೆಯಿರಿ. ಜೀಪಿನಲ್ಲಿ ಹೋದರೆ ಏನೂ ಕಾಣುವುದಿಲ್ಲ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಇಳಿಸುವ ಕೆಲಸ, ಮಾಡುವ ಹಳೆಯ ಆಳೊಬ್ಬರನ್ನು ಜತೆಗೆ ಕರೆದುಕೊಳ್ಳಿ. ಯಾವ ಮರ ಪೊಳ್ಳು, ಯಾವ ಕೊಂಬೆ ಈ ವರ್ಷ ಇಳಿಸಬೇಕು, ಗಾಳಿ ಯಾವ ಕಣಿವೆಯಲ್ಲಿ ನುಗ್ಗುತ್ತದೆ ಎಂಬುದು ಎಂಜಿನಿಯರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಎರಡನೆಯ ಲೈನಿನ ದಾರಿ ಗೊತ್ತುಮಾಡಿದವರು ಹಾಗೆ ಬಂದವರೇ. ‘ಇಲ್ಲಿ ಬ್ಯಾಡ ಸಾರ್, ಈ ಅತ್ತಿಮರ ಇನ್ನೆರಡು ಮಳೆ ತಡೆಯಲ್ಲ’ ಅಂದರು. ಎರಡನೆಯ ಮಳೆಗಾಲದಲ್ಲೇ ಅದು ಬಿತ್ತು. ಕೇಬಲ್ ಅಲ್ಲಿರಲಿಲ್ಲ.

ಮರಕ್ಕೆ ಕೇಬಲ್ ಕಟ್ಟುವುದು ಸುಲಭ, ಅಗ್ಗ. ಅದಕ್ಕೇ ಎಲ್ಲರೂ ಕಟ್ಟುತ್ತಾರೆ. ಆದರೆ ಸಿಲ್ವರ್ ಮರ ಗಾಳಿಗೆ ತೂಗುವ ಮರ, ಎರಡು ಮರ ಎರಡು ದಿಕ್ಕಿಗೆ ತೂಗಿದರೆ ಕೇಬಲ್ ಜಗ್ಗುತ್ತದೆ. ಮೆಣಸು ಕೊಯ್ಯುವವರು ಅದೇ ಮರಕ್ಕೆ ಏಣಿ ಒರಗಿಸುತ್ತಾರೆ. ಮರಗಸಿಯಲ್ಲಿ ಇಳಿಸಿದ ಹಾಲುವಾಣದ ಕೊಂಬೆ ನೇರ ಕೇಬಲ್ ಮೇಲೆ ಬೀಳುತ್ತದೆ. ಕಂಬವೇ ಬೇಕು ಎಂಬುದು ನನ್ನ ಅನುಭವದ ಮಾತು. ಹಳೆಯ ಲ್ಯಾಂಡ್‌ಲೈನ್ ಕಂಬ ಉಳಿದಿದ್ದರೆ ಅದನ್ನು ಬಳಸಬಹುದೇ ಎಂದು ಕೇಳಿ, ಇಲ್ಲದಿದ್ದರೆ ಜಿಐ ಪೈಪನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿ. ಮೆಸ್ಕಾಂ ಕಂಬಕ್ಕೆ ಕಟ್ಟಲು ಮೆಸ್ಕಾಂನ ಅನುಮತಿ ಬೇಕು, ಅದನ್ನು ಪಡೆಯುವುದು ಕೇಬಲಿನವರ ಹೊಣೆ. ಅನುಮತಿ ಇಲ್ಲದೆ ಕಟ್ಟಿದ ಲೈನನ್ನು ಒಂದು ದಿನ ಕತ್ತರಿಸಿ ಹಾಕಿದರೆ ದೂರಲು ಬಾಯಿರುವುದಿಲ್ಲ.

ನೆಲದಡಿ ಹಾಕಿದರೆ ತಂಟೆಯೇ ಇಲ್ಲ ಎನ್ನುವವರಿದ್ದಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ತೋಟದ ನೆಲ ಸುಮ್ಮನಿರುವ ನೆಲವಲ್ಲ. ನೀರಿಂಗಲು ತೊಟ್ಟಿಲು ಗುಂಡಿ ತೆಗೆಯುತ್ತೇವೆ, ಗಿಡ ಕಿತ್ತು ಹೊಸದು ನೆಡುತ್ತೇವೆ, ರಸ್ತೆ ಚರಂಡಿಗೆ ಜೆಸಿಬಿ ಇಳಿಸುತ್ತೇವೆ. ಹೆಗ್ಗಣ ಮತ್ತು ಮುಳ್ಳುಹಂದಿ ಬೇರೆ. ಕೇಬಲ್ ತುಂಡಾಗುವುದು ಎಲ್ಲಾದರೂ ಆಗಬಹುದು. ನೆಲದಡಿ ತುಂಡಾದರೆ ಅದು ಕಣ್ಣಿಗೆ ಕಾಣುವುದಿಲ್ಲ. ಬೆಳಕು ಹಾಯಿಸಿ ಎಷ್ಟು ಮೀಟರಿನಲ್ಲಿ ತುಂಡಾಗಿದೆ ಎಂದು ತೋರಿಸುವ ಒಟಿಡಿಆರ್ ಯಂತ್ರ ಇದೆ, ಆದರೆ ಜುಲೈನ ಕೆಸರಿನಲ್ಲಿ ಅಗೆದು ಹುಡುಕುವವರು ಯಾರು? ಮೇಲೆ ಎಳೆದದ್ದಾದರೆ ಕೊಡೆ ಹಿಡಿದು ನಡೆದರೂ ಬಿದ್ದ ಮರ ಕಾಣುತ್ತದೆ. ಆದ್ದರಿಂದ ರಸ್ತೆಯಿಂದ ತೋಟದುದ್ದಕ್ಕೂ ಕಂಬದ ಮೇಲೆ, ಮನೆಯ ಹತ್ತಿರದ ಕಡೆಯ ಐವತ್ತು ಅರವತ್ತು ಮೀಟರ್ ಮಾತ್ರ ಗಟ್ಟಿ ಪೈಪಿನಲ್ಲಿ ನೆಲದಡಿ. ಕಣ, ವಾಹನ ತಿರುಗುವ ಜಾಗ, ಅಂಗಳ ಇವನ್ನೆಲ್ಲ ಹಾಗೆ ದಾಟಿಸಬಹುದು. ಪೈಪ್ ಹೋದ ದಾರಿಯಲ್ಲಿ ನಾಲ್ಕು ಕಲ್ಲು ನೆಟ್ಟು ಸುಣ್ಣ ಬಳಿಯಿರಿ, ತೋಟದ ರೈಟರಿಗೂ ತೋರಿಸಿಡಿ.

ಕೇಬಲ್ ರಸ್ತೆ ದಾಟುವಲ್ಲಿ ಮರದ ಲಾರಿಯನ್ನು ಮನಸ್ಸಿನಲ್ಲಿಟ್ಟು ಎತ್ತರ ನೋಡಿ. ತುಂಬಿದ ಲಾರಿಯ ಮೇಲೆ ಚಾಚಿದ ಒಂದೇ ಒಂದು ದಿಮ್ಮಿ ಸಾಕು ಇಡೀ ಲೈನನ್ನು ಎಳೆದು ಹಾಕಲು. ಆನೆ ಓಡಾಡುವ ಗೋಣಿಬೀಡು, ಬಾಳೂರು ಭಾಗದಲ್ಲಿ ಕಂಬವನ್ನು ಆನೆದಾರಿಯಿಂದ ಸರಿಸಿ ನಿಲ್ಲಿಸಿ, ಐಬೆಕ್ಸ್ ಕರೆಂಟ್ ಬೇಲಿಯ ತಂತಿಗೆ ಕೇಬಲ್ ತಾಗದಂತೆಯೂ ನೋಡಿ. ಪಕ್ಕದವರ ತೋಟದ ಮೇಲೆ ಹಾಯಿಸಬೇಕಾದರೆ ನೀವೇ ಹೋಗಿ ಕೇಳಿ, ಕೇಬಲ್ ಹುಡುಗರನ್ನು ಕಳಿಸಬೇಡಿ. ಮಾಲೀಕರ ಒಪ್ಪಿಗೆ ಕಾನೂನಿನಲ್ಲೂ ಬೇಕು, ಊರಿನಲ್ಲಿ ಅದಕ್ಕಿಂತ ಹೆಚ್ಚು ಬೇಕು. ಅರಣ್ಯ ಇಲಾಖೆಯ ಜಾಗ ನಡುವೆ ಬಂದರೆ ಅಡ್ಡದಾರಿ ಹುಡುಕದೆ ಸುತ್ತು ಹಾಕಿ.

ಕೇಬಲ್ ಡ್ರಮ್ಮು ಬಂದಾಗ ಎರಡು ಸಂಗತಿ ನೋಡಿ. ಮೊದಲನೆಯದು, ಲೈನ್ ಸಾಧ್ಯವಾದಷ್ಟು ಒಂದೇ ತುಂಡಿನಲ್ಲಿ ಬರಬೇಕು. ಉಳಿದ ಚೂರುಗಳನ್ನು ಜೋಡಿಸಿ ಎಳೆದದ್ದು ಮುಂದೆ ಜೋಡಿಸಿದ ಜಾಗದಲ್ಲೇ ಕೈಕೊಡುತ್ತದೆ. ಎರಡನೆಯದು, ಮೂರು ನಾಲ್ಕು ಕಂಬಕ್ಕೊಮ್ಮೆ ಹತ್ತು ಹದಿನೈದು ಮೀಟರ್ ಕೇಬಲ್ಲನ್ನು ಸುರುಳಿ ಸುತ್ತಿ ಬಿಡಿಸಿ. ಮುಂದೆ ಎಲ್ಲಾದರೂ ತುಂಡಾದಾಗ ಆ ಸುರುಳಿಯಿಂದ ಎಳೆದುಕೊಂಡು ಒಂದೇ ಜಾಯಿಂಟಿನಲ್ಲಿ ಮುಗಿಸಬಹುದು. ಸುರುಳಿ ಇಲ್ಲದಿದ್ದರೆ ನಡುವೆ ತುಂಡು ಸೇರಿಸಿ ಎರಡು ಜಾಯಿಂಟ್ ಹಾಕಬೇಕು.

ಜಾಯಿಂಟ್ ಹಾಕುವ ದಿನ

ಆ ದಿನ ನೀವು ಮನೆಯಲ್ಲೇ ಇರಿ, ಪಕ್ಕದಲ್ಲೇ ನಿಂತು ನೋಡಿ. ನಮ್ಮಲ್ಲಿಗೆ ಬಂದ ಹುಡುಗ ಕಂಬದ ಬುಡದಲ್ಲಿ ಗೋಣಿತಾಟು ಹಾಸಿ, ಮೇಲೆ ನೀಲಿ ಟಾರ್ಪಾಲು ಕಟ್ಟಿಸಿಕೊಂಡು ಕೂತ. ಕರಿ ಕವಚ ಸುಲಿದ, ಒಳಗಿನ ಬಣ್ಣದ ಪದರ ಕೆರೆದ. ಕೂದಲಿಗಿಂತ ಸ್ವಲ್ಪ ದಪ್ಪವಾದ ಗಾಜಿನೆಳೆ ಉಳಿಯಿತು. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕಟರಿನಲ್ಲಿ ತುದಿ ನೇರ ಕತ್ತರಿಸಿ, ಎರಡೂ ಕಡೆಯ ಎಳೆಗಳನ್ನು ಮಷಿನ್ನಿನ ಹಳ್ಳದಲ್ಲಿ ಮಲಗಿಸಿ ಮುಚ್ಚಳ ಹಾಕಿದ. ಸಣ್ಣ ಪರದೆಯಲ್ಲಿ ಎರಡು ತುದಿಗಳು ದೊಡ್ಡದಾಗಿ ಕಂಡವು, ತಾವೇ ಸರಿದು ಎದುರುಬದುರಾದವು. ಒಂದು ಕಿಡಿ ಮಿಂಚಿ ಗಾಜು ಗಾಜಿಗೆ ಬೆಸೆಯಿತು. ಪರದೆಯಲ್ಲಿ 0.02 ಎಂದು ಬಂತು. ಆ ಜಾಯಿಂಟಿನಲ್ಲಿ ಅಷ್ಟು ಡಿಬಿ ಬೆಳಕು ನಷ್ಟ, ಅಂದರೆ ಏನೂ ಇಲ್ಲ ಎನ್ನುವಷ್ಟು. ಕತ್ತರಿಸಿದ ಗಾಜಿನ ಚೂರುಗಳನ್ನು ಅವನು ಒಂದು ಡಬ್ಬಿಗೆ ಹಾಕಿಕೊಂಡ. ನೀವೂ ಅದನ್ನು ಗಮನಿಸಿ. ಮಕ್ಕಳು ಬರಿಗಾಲಲ್ಲಿ ಓಡಾಡುವ ಅಂಗಳದಲ್ಲಿ ಆ ಚೂರು ಬೀಳಬಾರದು.

ಆಮೇಲೆ ಮನೆಯ ತುದಿಯಲ್ಲಿ ಪವರ್ ಮೀಟರ್ ಇಟ್ಟು ಓದಿದ: ಮೈನಸ್ 21. ಈ ಒಂದು ಸಂಖ್ಯೆ ನಿಮ್ಮ ಲೈನಿನ ನಾಡಿ. ಎಕ್ಸ್‌ಚೇಂಜಿನಿಂದ ಹೊರಟ ಬೆಳಕು ಎಷ್ಟು ಉಳಿದು ಬಂದಿದೆ ಎಂಬುದನ್ನು ಅದು ಡಿಬಿಎಂ ಲೆಕ್ಕದಲ್ಲಿ ಹೇಳುತ್ತದೆ. ಮೈನಸ್ 15ರಿಂದ 24ರ ಒಳಗಿದ್ದರೆ ಚೆನ್ನ. 27ರ ಹತ್ತಿರ ಬಂದರೆ ಲೈನ್ ಅಂಚಿನಲ್ಲಿದೆ, ಬಿಸಿಲಿನಲ್ಲಿ ಓಡಿ ಮಳೆಯಲ್ಲಿ ನಿಲ್ಲುತ್ತದೆ. ಪ್ರತಿ 3 ಅಂಕ ಇಳಿದಂತೆ ಬೆಳಕು ಅರ್ಧವಾಯಿತೆಂದು ಲೆಕ್ಕ. ದೂರ ಹೆಚ್ಚಾದ್ದರಿಂದ ಹೀಗಾಗಿದೆ ಎಂದು ಯಾರಾದರೂ ಹೇಳಿದರೆ ಕೂಡಲೇ ಒಪ್ಪಬೇಡಿ. ಒಂದು ಕಿಲೋಮೀಟರಿಗೆ ಹೋಗುವುದು 0.35 ಡಿಬಿಯ ಆಸುಪಾಸು ಅಷ್ಟೇ. ಎಂಟು ದಾರಿಯ ಸ್ಪ್ಲಿಟರೊಂದೇ ಸುಮಾರು 10 ಡಿಬಿ ತಿನ್ನುತ್ತದೆ, ಹದಿನಾರು ದಾರಿಯದ್ದು 14ರ ಹತ್ತಿರ. ಇದಲ್ಲದೆ ನುಂಗುವುದು ಕೊಳೆಯಾದ ಕನೆಕ್ಟರ್, ಮಡಚಿದ ಕೇಬಲ್, ನೀರು ಹೊಕ್ಕ ಜಾಯಿಂಟ್ ಬಾಕ್ಸ್. ಬಾಕ್ಸಿನಲ್ಲಿ ಇರುವೆ ಗೂಡು ಕಟ್ಟುವುದೂ ಇಲ್ಲಿ ಮಾಮೂಲು, ಅದರ ರಬ್ಬರ್ ಬಿಗಿಯಾಗಿ ಕೂತಿದೆಯೇ ನೋಡಿ.

ನಮ್ಮ ಕಡೆ ಪ್ಲಾಂಟರುಗಳ ಮನೆಯಲ್ಲಿ ಮಳೆ ಪುಸ್ತಕ ಇರುತ್ತದಲ್ಲ, ದಿನಾ ಬೆಳಿಗ್ಗೆ ಇಂಚು ಸೆಂಟು ಬರೆಯುವುದು? ಆ ಪುಸ್ತಕದ ರಟ್ಟಿನ ಒಳಪುಟದಲ್ಲಿ ಮೊದಲ ದಿನದ ಮೈನಸ್ ಸಂಖ್ಯೆಯನ್ನು ತಾರೀಖಿನ ಸಮೇತ ಬರೆದಿಡಿ. ಬಹಳಷ್ಟು ಮೋಡೆಮ್‌ಗಳ ಸೆಟಿಂಗ್ಸ್ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂದು ಅದು ಸಿಗುತ್ತದೆ. ತಿಂಗಳಿಗೊಮ್ಮೆ ನೋಡಿ ಬರೆಯಿರಿ. 21 ಇದ್ದದ್ದು 24 ಆದರೆ ಲೈನ್ ಪೂರ್ತಿ ಹೋಗುವ ಮೊದಲೇ ಫೋನ್ ಮಾಡಬಹುದು. ‘ನೆಟ್ ಸ್ಲೋ’ ಎನ್ನುವುದಕ್ಕಿಂತ ‘ಮೂರು ಡಿಬಿ ಇಳಿದಿದೆ’ ಎಂದರೆ ಬರುವವರೂ ಬೇಕಾದ ಸಾಮಾನು ಹಿಡಿದೇ ಬರುತ್ತಾರೆ.

ಗುಡುಗು, ಕರೆಂಟು, ಗೋಡೆ

ಗಾಜಿನೆಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ನಿಜ. ಆದರೆ ಕೇಬಲ್ಲಿಗೆ ಬಲ ಕೊಡಲು ಜತೆಗೆ ಹಾಕಿದ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ತಂತಿಯ ಬದಲು ಫೈಬರ್‌ಗ್ಲಾಸ್ ಕಡ್ಡಿ ಇರುವ ಕೇಬಲ್ ಸಿಗುತ್ತದೆ, ಸಿಕ್ಕರೆ ಅದನ್ನೇ ಹಾಕಿಸಿ. ಸಿಗದಿದ್ದರೆ ಉಕ್ಕಿನ ತಂತಿಯನ್ನು ಮನೆಗೆ ಬರುವ ಮೊದಲಿನ ಕಂಬದಲ್ಲೇ ಕತ್ತರಿಸಿ ನಿಲ್ಲಿಸಲು ಹೇಳಿ, ಒಳಗೆ ಗಾಜಿನೆಳೆ ಮಾತ್ರ ಬರಲಿ. ಸಿಡಿಲಿನ ಇನ್ನೊಂದು ದಾರಿ ಕರೆಂಟಿನದು. ಏಪ್ರಿಲ್–ಮೇ ಮಳೆಯಲ್ಲಿ, ಮತ್ತೆ ಚಿತ್ತಾ ಮಳೆಯಲ್ಲಿ ಗುಡುಗು ಕೇಳಿದ ಕೂಡಲೇ ಅಡಾಪ್ಟರನ್ನು ಗೋಡೆಯಿಂದ ಕೀಳಿ. ಸ್ವಿಚ್ ಆರಿಸಿದರೆ ಸಾಲದು. ದೊಡ್ಡ ಮನೆಯಿಂದ ಆಫೀಸು ಕೋಣೆಗೋ ಆಳುಗಳ ಲೈನ್ ಮನೆಗೋ ನೆಟ್ ಒಯ್ಯಬೇಕಾದರೆ ಬಯಲಿನಲ್ಲಿ ತಾಮ್ರದ ಲ್ಯಾನ್ ವೈರ್ ಎಳೆಯಬೇಡಿ. ಅದು 100 ಮೀಟರಿಗೆ ಸೋಲುತ್ತದೆ, ಸಿಡಿಲನ್ನು ಒಳಗೆ ಕರೆದುಕೊಂಡೂ ಬರುತ್ತದೆ. ಅಲ್ಲಿಗೂ ಸಣ್ಣ ಫೈಬರನ್ನೇ ಹಾಕಿಸಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಇಟ್ಟರಾಯಿತು.

ಮನೆಯೊಳಗಾದರೆ ಕ್ಯಾಟ್–6 ವೈರ್ ಒಳ್ಳೆಯದು. ನಮ್ಮ ಹಳೆಯ ಮನೆಗಳ ಒಂದೂವರೆ ಅಡಿ ದಪ್ಪದ ಮಣ್ಣುಗೋಡೆಯನ್ನು ವೈಫೈ ದಾಟುವುದು ಕಷ್ಟ. ಜಗಲಿಯಲ್ಲಿ ಮೋಡೆಮ್ ಇಟ್ಟು ಒಳಕೋಣೆಯಲ್ಲಿ ಮೀಟಿಂಗಿಗೆ ಕೂತು ಕಂಪನಿಯನ್ನು ಬೈಯುವವರನ್ನು ಕಂಡಿದ್ದೇನೆ. ಮೋಡೆಮ್ಮಿನಿಂದ ಕೆಲಸದ ಮೇಜಿಗೆ ನೇರ ವೈರ್ ಬರಲಿ, ವೈಫೈ ಫೋನುಗಳಿಗಿರಲಿ. ಅಡುಗೆಮನೆಯ ಹೊಗೆ, ಅಟ್ಟದ ಇಲಿ ಎರಡರಿಂದಲೂ ಮೋಡೆಮ್ ದೂರ ಇರಬೇಕು. ಫೈಬರನ್ನು ಬಾಗಿಲ ಸಂದಿಯಲ್ಲಿ ಒತ್ತಬೇಡಿ, ಮೂಲೆಯಲ್ಲಿ ಮಡಚಬೇಡಿ, ಬಳೆಯಷ್ಟು ಅಗಲಕ್ಕೆ ಬಾಗಿಸಿ. ಹಸಿರು ತುದಿಯ ಕನೆಕ್ಟರನ್ನು ಕಿತ್ತರೆ ಬೆರಳು ತಾಗಿಸದೆ ಟೋಪಿ ಹಾಕಿಡಿ, ಬೆಳಕು ಬರುತ್ತಿದೆಯೇ ಎಂದು ಅದರೊಳಗೆ ಕಣ್ಣಿಟ್ಟು ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣದ ಬಗೆಯದು.

ಕರೆಂಟಿನ ಲೆಕ್ಕವನ್ನು ಬಹಳ ಜನ ತಪ್ಪುತ್ತಾರೆ. ಮೋಡೆಮ್ಮಿಗೆ ಬೇಕಾದದ್ದು 12 ವೋಲ್ಟು, ಹೆಚ್ಚೆಂದರೆ ಹತ್ತು ಹನ್ನೆರಡು ವಾಟ್. ಅದೊಂದಕ್ಕಾಗಿ ಮನೆಯ ಇನ್ವರ್ಟರನ್ನು ಹಗಲೂ ರಾತ್ರಿ ಓಡಿಸಿದರೆ ಇನ್ವರ್ಟರ್ ತಾನು ನಿಂತಿರಲು ತಿನ್ನುವ ಕರೆಂಟೇ ಮೋಡೆಮ್ಮಿನದಕ್ಕಿಂತ ಹೆಚ್ಚಾಗಬಹುದು. 12 ವೋಲ್ಟಿನ, 7 ಆಂಪಿಯರ್‌ಅವರ್ ಸಣ್ಣ ಬ್ಯಾಟರಿಯ ಡಿಸಿ ಯುಪಿಎಸ್ ನಾಲ್ಕೈದು ಗಂಟೆ ತಳ್ಳುತ್ತದೆ. ಗಾಳಿಗೆ ಕಂಬ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದ ಒಳ ತೋಟಗಳಿಗೆ ಅದು ಸಾಲದು. ಮನೆಯ ಸೋಲಾರ್ ದೀಪದ ದೊಡ್ಡ ಬ್ಯಾಟರಿಯಿಂದ ಒಂದು ಡಿಸಿ ಕನ್ವರ್ಟರ್ ಮೂಲಕ ನೇರ 12 ವೋಲ್ಟ್ ಕೊಡಿಸಿ. 150 ಆಂಪಿಯರ್‌ಅವರ್ ಬ್ಯಾಟರಿಯನ್ನು ಅರ್ಧ ಮಾತ್ರ ಬಳಸಿದರೂ ಮೋಡೆಮ್ ಒಂದನ್ನೇ ಮೂರು ದಿನ ಉರಿಸಬಹುದು. ಆದರೆ ನಿಮ್ಮ ಮನೆಯಲ್ಲಿ ಕರೆಂಟ್ ಇದ್ದು ಎಕ್ಸ್‌ಚೇಂಜಿನಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಅಲ್ಲಿ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಜನರೇಟರಿಗೆ ಡೀಸೆಲ್ ಯಾರು ಹಾಕುತ್ತಾರೆ ಎಂದು ಕೇಳುವುದು ಗ್ರಾಹಕನ ಹಕ್ಕಿನ ಪ್ರಶ್ನೆ.

ದುಡ್ಡಿನ ವಿಷಯ ಚಿಕ್ಕದು. ತಿಂಗಳ ಪ್ಲಾನುಗಳು 400–500 ರೂಪಾಯಿಯ ಆಸುಪಾಸಿನಿಂದ ಶುರುವಾಗುತ್ತವೆ, ಮೇಲೆ ಶೇ 18 ಜಿಎಸ್‌ಟಿ. ನಿಜವಾದ ಖರ್ಚು ಮೀಟರ್ ಲೆಕ್ಕದ ಕೇಬಲ್ಲು, ಕಂಬ ಮತ್ತು ಕೂಲಿಯದು. ದುಡ್ಡು ಕೊಟ್ಟ ಕೇಬಲ್ ಯಾರದ್ದು, ಮುಂದೆ ಬೇರೆ ಕಂಪನಿಗೆ ಹೋದರೆ ಅದನ್ನು ಬಳಸಬಹುದೇ, ತುಂಡಾದರೆ ಜಾಯಿಂಟಿಗೆ ಪ್ರತಿ ಸಲ ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕೆಟ್ಟಾಗ ಲೈನ್‌ಮನ್‌ಗೆ ಫೋನ್ ಮಾಡುವುದರ ಜತೆಗೆ ಕಂಪನಿಯ ಸಹಾಯವಾಣಿಯಲ್ಲೂ ದೂರು ದಾಖಲಿಸಿ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದಂತೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಡಾಕೆಟ್ ನಂಬರ್ ಇಲ್ಲದಿದ್ದರೆ ಆ ಬಾಗಿಲು ತೆರೆಯುವುದಿಲ್ಲ.

ಎರಡನೆಯ ದಾರಿಯೊಂದು ಇದ್ದೇ ಇರಲಿ. ಎದುರು ಗುಡ್ಡದ ಮೇಲೆ ನೆಂಟರ ಮನೆಯೋ ಸಿಗ್ನಲ್ ಸಿಗುವ ನಿಮ್ಮದೇ ಜಾಗವೋ ಇದ್ದು, ಕಣ್ಣಿಗೆ ನೇರ ಕಾಣುವಂತಿದ್ದರೆ ಲೈಸೆನ್ಸ್ ಬೇಡದ 5 ಗಿಗಾಹರ್ಟ್ಸ್ ರೇಡಿಯೊ ಜೋಡಿಯಿಂದ ನೆಟ್ ಇಳಿಸಬಹುದು. ಉಪಗ್ರಹದ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದೆ. ಆದರೆ ಅದಕ್ಕೂ ತೆರೆದ ಆಕಾಶ ಬೇಕು, ನೆರಳಿನ ಮರಗಳ ನಡುವಿನ ಮನೆಗೆ ಅದನ್ನು ಎಲ್ಲಿ ಕೂರಿಸುವುದೆಂದು ಮೊದಲೇ ಯೋಚಿಸಬೇಕು. ಬಹುಮಂದಿಗೆ ಸಾಲುವುದು ಒಂದು ಮೊಬೈಲ್ ಸಿಮ್ಮು, ಅದು ಕೆಲಸ ಮಾಡುವ ಜಾಗ ಯಾವುದೆಂಬ ತಿಳಿವಳಿಕೆ.

ಸಾಧ್ಯವಿದ್ದರೆ ಒಬ್ಬರೇ ಹಾಕಿಸಬೇಡಿ. ಒಂದು ಕಣಿವೆಯ ಎಂಟು ಹತ್ತು ಮನೆಯವರು ಒಟ್ಟಾಗಿ ಕೇಳಿದರೆ ಸ್ಪ್ಲಿಟರ್ ಡಬ್ಬಿಯೇ ಕಣಿವೆಯೊಳಗೆ ಬರುತ್ತದೆ, ಪ್ರತಿ ಮನೆಯ ಕೇಬಲ್ ಚಿಕ್ಕದಾಗುತ್ತದೆ, ಕಂಬದ ಖರ್ಚು ಹಂಚಿಹೋಗುತ್ತದೆ. ಲೈನ್ ಹೋದಾಗ ಒಂದು ಮನೆಗಾಗಿ ಬರದವರು ಹತ್ತು ಮನೆಗಾಗಿ ಬರುತ್ತಾರೆ. ಬಂದವರು ಮಳೆಯಲ್ಲಿ ನೆನೆದು ಜಾರುವ ಕಂಬ ಹತ್ತಿದವರು ಎಂಬುದು ನೆನಪಿರಲಿ. ಅವರಿಗೊಂದು ಬಿಸಿ ಕಾಫಿ, ಒಣ ಟವೆಲ್ಲು ಕೊಡಿ, ಕೊಡಬೇಕಾದ ದುಡ್ಡನ್ನು ಅಂದೇ ಕೊಟ್ಟು ಕಳಿಸಿ. ಇನ್ನೂರು ಮೀಟರ್ ಕೇಬಲ್ ನಿಮ್ಮ ಉಗ್ರಾಣದಲ್ಲೇ ಇದ್ದರೆ ಅವರ ಕೆಲಸವೂ ಅರ್ಧ ದಿನ ಮುಂಚೆ ಮುಗಿಯುತ್ತದೆ.

ಹೊಸ ಲೈನಿಗೆ ಸರಿಯಾದ ಕಾಲ ರೊಬಸ್ಟ ಕೊಯ್ಲು ಮುಗಿಯುವ ಮಾರ್ಚ್. ಆಗ ಆಳು ಸಿಗುತ್ತಾರೆ, ನೆಲ ಗಟ್ಟಿ ಇರುತ್ತದೆ. ಅರ್ಜಿಯನ್ನು ಜನವರಿಯಲ್ಲೇ ಕೊಟ್ಟಿಡಿ. ಲೈನ್ ಹಾಯುವ ದಾರಿಯ ಮರಗಸಿಯನ್ನು ಈ ಒಂದು ವರ್ಷ ಬೇಗ ಮುಗಿಸಿ, ಕೇಬಲ್ಲನ್ನು ಆಮೇಲೆ ಎಳೆಸಿ. ಮೇ ಕೊನೆಗೆ ರೋಹಿಣಿ ಮಳೆ ಕಾಲಿಡುವಷ್ಟರಲ್ಲಿ ಕಂಬದ ಕಾಂಕ್ರೀಟು ಒಣಗಿ ಗಟ್ಟಿಯಾಗಿರಬೇಕು.